ಎರಡು ಮನೆಗೆ ಒಂದೇ ಗೋಡೆ

ಮೈಲಾಪುರದ ನಮ್ಮ ಬೀದಿಯಲ್ಲಿ ಒಂದು ಮನೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಜಗುಲಿಗೆ ಜಗುಲಿ, ತಾರಸಿಗೆ ತಾರಸಿ ತಾಗಿಕೊಂಡು, ಒಬ್ಬರ ಮನೆಯಲ್ಲಿ ಕಾಫಿಬೀಜ ಹುರಿದರೆ ಆರನೆಯ ಮನೆಯವರಿಗೆ ಎಚ್ಚರವಾಗುತ್ತಿತ್ತು. ಅಗಲದಲ್ಲಿ ಕೃಪಣವಾದ ಆ ಮನೆಗಳು ಉದ್ದದಲ್ಲಿ ಉದಾರಿಗಳು: ಬೀದಿಬಾಗಿಲಲ್ಲಿ ನಿಂತರೆ ಆಕಾಶಕ್ಕೆ ತೆರೆದ ತೊಟ್ಟಿಯನ್ನು ದಾಟಿ ಹಿತ್ತಿಲ ಬಾವಿಯವರೆಗೂ ನೋಟ ಹರಿಯುತ್ತಿತ್ತು. ಜಾಗ ಉಳಿಸಲೆಂದು ಹಿಂದಿನವರು ಎರಡು ಮನೆಗೆ ಒಂದೇ ಗೋಡೆ ಎಬ್ಬಿಸಿದ್ದರು. ನಮಗೂ ಪಕ್ಕದ ಆಚಾರ್ಯರಿಗೂ ನಡುವೆ ಇದ್ದದ್ದು ಅಂಥದೇ ಗೋಡೆ. ಪತ್ರದ ಪ್ರಕಾರ ಅದು ಅವರದು. ನಮ್ಮ ತೇಗದ ತೊಲೆಗಳು ಮಾತ್ರ ಅದರ ಮೇಲೆ ಕೂತಿದ್ದವು.

ವಿಮಾ ಕಚೇರಿಯಿಂದ ನಿವೃತ್ತರಾದ ಆಚಾರ್ಯರು ಎಂಬತ್ತರ ದಶಕದ ನಡುವಿನಲ್ಲಿ ಮನೆ ಕೆಡವಿ ಫ್ಲಾಟು ಕಟ್ಟಿಸಲು ಒಪ್ಪಿದರು. ರೈಲ್ವೆಯಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದ ಅಪ್ಪನಿಗೆ, ಆ ಗೋಡೆ ಹೋದರೆ ಏನಾಗುವುದೆಂದು ಯಾರೂ ಹೇಳಬೇಕಿರಲಿಲ್ಲ. "ನಮ್ಮ ಸೂರು ಬೀಳತ್ತೆ ಅಂತ ಅವರಿಗೆ ಗೊತ್ತಿಲ್ವೆ? ಬೇಡೋಕೆ ನಾನು ಹೋಗಲ್ಲ" ಎಂದು ಅಮ್ಮನ ಮುಂದೆ ಸಿಡುಕಿ, ಇಪ್ಪತ್ತು ವರ್ಷದ ಸ್ನೇಹಿತರಾದ ಆಚಾರ್ಯರೊಡನೆ ಮಾತೇ ಬಿಟ್ಟರು. ಬಿಗುಮಾನಕ್ಕೂ ಸ್ವಾಭಿಮಾನಕ್ಕೂ ವ್ಯತ್ಯಾಸ ತಿಳಿಯದ ವಯಸ್ಸು ನನ್ನದು; ಅಪ್ಪನೇ ಸರಿ ಎಂದುಕೊಂಡಿದ್ದೆ.

ಹಾರೆ ಹಿಡಿದ ಆಳುಗಳು ಬಂದ ಬೆಳಿಗ್ಗೆ ಅಮ್ಮ ದೇವರ ಪಟಗಳನ್ನು ಇಳಿಸಿ ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದಳು. ಆಚೆಯಿಂದ ಆಚಾರ್ಯರು ಆಳುಗಳನ್ನು ತಮಿಳಿನಲ್ಲಿ ಗದರಿದ್ದು ಕೇಳಿತು. ಆಮೇಲೆ ನಮಗೆಂದು ಕನ್ನಡದಲ್ಲಿ ಕೂಗಿದರು: "ರಾಯರೇ, ಈ ಗೋಡೆ ಹೀಗೇ ಇರತ್ತೆ! ಬಿಲ್ಡರ್ ನೇತ್ತು ತಾನೇ ಒಪ್ಪಿದ್ದು, ನಿನ್ನೆ ಸಾಯಂಕಾಲ!"

ಅಮ್ಮ ಪಟಗಳನ್ನು ಒಂದೊಂದಾಗಿ ಮತ್ತೆ ಮೊಳೆಗೆ ತೂಗುಹಾಕಿದಳು.

ಫ್ಲಾಟು ಕಟ್ಟಿ ಮುಗಿದ ಮೇಲೆ ಗೃಹಪ್ರವೇಶಕ್ಕೆ ಆಚಾರ್ಯರೇ ಬಂದು ಕರೆದರು. ಹಳೆಯ ಗೋಡೆಯನ್ನು ಬಿಟ್ಟು ಅಡಿಪಾಯ ಹಾಕಿದ್ದರಿಂದ ಅವರ ಫ್ಲಾಟಿನ ಅಡುಗೆಮನೆ ಒಬ್ಬರು ಓರೆಯಾಗಿ ನಿಲ್ಲುವಷ್ಟಕ್ಕೆ ಇಳಿದಿತ್ತು. ಅಪ್ಪ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಅಳೆದರು.

"ಮೂರಡಿ ಹೋಗಿದೆ" ಎಂದರು.

"ಮೂರೂವರೆ" ಎಂದರು ಆಚಾರ್ಯರ ಹೆಂಡತಿ ಕೋದಮ್ಮ, ಸಾರಿನ ಪಾತ್ರೆ ಇಳಿಸುತ್ತ. "ಅದು ಪರವಾಯಿಲ್ಲೆ ರಾಯರೇ. ನೀವು ಮಾತು ಬಿಟ್ರಲ್ಲ, ಅದನ್ನೇ ಇವರಿಗೆ ತಾಳೋಕಾಗ್ಲಿಲ್ಲ."

ಕ್ಷಮೆ ಕೇಳುವುದು ಅಪ್ಪನಿಗೆ ಬಾರದ ವಿದ್ಯೆ. ಪಂಕ್ತಿಯಲ್ಲಿ ಆಚಾರ್ಯರ ಪಕ್ಕದ ಎಲೆಗೆ ಹೋಗಿ ಕೂತರು. "ನಾಳೆ ಟೇಪು ತರ್ತೀನಿ. ಮಾಮಿಗೆ ಕೈಗೆಟುಕೋ ಹಾಗೆ ಗೋಡೆಬೀರಿನ ನಕ್ಷೆ ಬರೆದುಕೊಡ್ತೀನಿ" ಎಂದರು, ಎಲೆಯಿಂದ ತಲೆಯೆತ್ತದೆ.

"ಆಗಲಿ" ಎಂದರು ಆಚಾರ್ಯರು. "ಮೊದಲು ಅನ್ನ ಕಲಸಿ, ಆರಿಹೋಗತ್ತೆ."