ಎರಡು ಕಾರ್ಡು, ಒಂದು ಭಾನುವಾರ

ಜಾವಳಿಯ ವಿಷ್ಣುಮೂರ್ತಿಯವರ ಕೈಗೆ ಒಂದೇ ಜಾತಿಯ ಎರಡು ವಸ್ತು ಸಿಗಬಾರದು. ಸಿಕ್ಕಿದರೆ, ಅವುಗಳಲ್ಲಿ ಯಾವುದು ಮೇಲು ಎಂದು ಗೊತ್ತಾಗುವವರೆಗೆ ಅವರಿಗೆ ಊಟ ಸೇರುವುದಿಲ್ಲ. ಎರಡು ಟಾರ್ಚು ತಂದರೆ ಕಣದ ಆಚೆಗಿನ ಮರಕ್ಕೆ ಬೆಳಕು ಬಿಟ್ಟು ನೋಡಬೇಕು, ಎರಡು ಅಂಗಡಿಯ ಅಕ್ಕಿ ತಂದರೆ ಬೇರೆ ಬೇರೆ ಬೇಯಿಸಿ ನೋಡಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಇವರು ಮಾಡಿಯೇ ತೀರುತ್ತಾರೆ. "ಪುಣ್ಯಕ್ಕೆ ಹೆಂಡ್ತಿ ಅಂತ ನಾನು ಒಬ್ಳೇ ಇದೀನಿ" ಎಂದು ಸುಶೀಲಾ ನಗುತ್ತಿದ್ದರು. ಈಗ ಆ ಮಾತು ಆಡುವುದನ್ನು ಬಿಟ್ಟಿದ್ದಾರೆ.

ಎರಡೂವರೆ ಎಕರೆ ಕಾಫಿಯ ಜೊತೆಗೆ ಮೊದಲು ರೇಡಿಯೋ, ಆಮೇಲೆ ಯುಪಿಎಸ್, ಆಮೇಲೆ ಕಂಪ್ಯೂಟರು ರಿಪೇರಿ ಮಾಡಿಕೊಂಡು ಐವತ್ತೈದು ವರ್ಷ ಕಳೆದ ಮನುಷ್ಯ. ಪಕ್ಕದ ಎಸ್ಟೇಟಿನ ರಾಜೀವ್ ಅವರು ಆನೆ ಓಡಾಡುವ ದಾರಿಗಳಲ್ಲಿ ಎಂಟು ಕ್ಯಾಮೆರಾ ಹಾಕಿಸಿದಾಗ, ಅವುಗಳ ಉಸ್ತುವಾರಿ ತಾನಾಗಿ ಇವರ ಹೆಗಲಿಗೆ ಬಂತು. ಕ್ಯಾಮೆರಾದ ಚಿತ್ರಗಳು ಇವರ ಮನೆಯ ಕಂಪ್ಯೂಟರಿಗೆ ಬರುತ್ತವೆ. ಕಂಪ್ಯೂಟರು ಒಂದೊಂದನ್ನೇ ನೋಡುತ್ತಾ ಹೋಗಿ, ಆನೆ ಕಂಡರೆ ಎಸ್ಟೇಟಿನ ಕೂಲಿಯವರಿರುವ ಲೈನ್ ಮನೆಗಳ ನಲವತ್ತು ಫೋನಿಗೂ ಕರೆ ಮಾಡುತ್ತದೆ. ಫೋನ್ ಎತ್ತಿದರೆ ಸುಶೀಲಾ ಅವರ ದನಿ: "ಆನೆ ಇದೆ, ಹೊರಗೆ ಬರ್ಬೇಡಿ." ಲೈನಿನವರಿಗೆ ವಿಷ್ಣುಮೂರ್ತಿಯೇ ನಿಂತು ಪಾಠ ಹೇಳಿದ್ದರು: "ಫೋನ್ ಬಂದ್ರೆ ನಿಲ್ಲಿ. ಬರ್ಲಿಲ್ವಾ, ಧೈರ್ಯವಾಗಿ ಹೋಗಿ." ಎರಡು ವರ್ಷ ಆ ಎಸ್ಟೇಟಿನಲ್ಲಿ ಆನೆಗೆ ಸಿಕ್ಕಿ ಯಾರೂ ಸತ್ತಿರಲಿಲ್ಲ.

ಆದರೂ ಅವರಿಗೆ ಒಂದು ಕೊರಗಿತ್ತು. ಚಿತ್ರ ನೋಡುವ ಕೆಲಸವೆಲ್ಲ ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡಿನದು, ಅದು ಹಳೆಯದಾಗಿತ್ತು. ಎಂಟು ಕ್ಯಾಮೆರಾಗಳ ಒಂದು ಸುತ್ತಿಗೆ ಹತ್ತೊಂಬತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅವಸರದ ಆನೆಗೆ ರಸ್ತೆ ದಾಟಲು ಹತ್ತು ಸೆಕೆಂಡು ಸಾಕು. ಎರಡು ನೋಟದ ನಡುವೆ ಆನೆ ತಪ್ಪಿಸಿಕೊಂಡರೆ ಏನು ಗತಿ ಎಂದು ರಾಜೀವ್ ಅವರ ಬೆನ್ನು ಬಿದ್ದು, ಮೇ ತಿಂಗಳ ಒಂದು ಶನಿವಾರ ಚಿಕ್ಕಮಗಳೂರಿನಿಂದ ಹೊಸ ಕಾರ್ಡು ತರಿಸಿದರು.

"ಸುಮ್ನೆ ತೆಗ್ದು ಹಾಕ್ಬಿಡಿ ವಿಷ್ಣುಮೂರ್ತಿಗಳೇ, ಇನ್ನೇನು ನೋಡೋದು" ಎಂದರು ರಾಜೀವ್.

ಸುಮ್ಮನೆ ಹಾಕುವ ಜೀವವೇ ಅದು? ಮರುದಿನ ಬೆಳಿಗ್ಗೆ ಏಳು ಗಂಟೆಗೆ ಕಾಪಿ ಕುಡಿದು ಪರೀಕ್ಷೆಗೆ ಕೂತರು. ಎರಡು ಕಾರ್ಡಿಗೂ ಒಂದೇ ಕೆಲಸ ಕೊಟ್ಟರೆ ತಾನೇ ನ್ಯಾಯ? ಅದಕ್ಕಾಗಿ ಕಳೆದ ತಿಂಗಳು ರೆಕಾರ್ಡ್ ಆಗಿದ್ದ ಆನೆಗಳ ದೃಶ್ಯವನ್ನೇ ಓಡಿಸಬೇಕಿತ್ತು. ಹಳೆಯ ಆನೆಗಳನ್ನು ಕಂಡು ಕಂಪ್ಯೂಟರು ಲೈನಿಗೆಲ್ಲ ಸುಳ್ಳು ಕರೆ ಮಾಡಬಾರದೆಂದು ಕರೆಯ ವ್ಯವಸ್ಥೆಯನ್ನು ಮೊದಲು ಆಫ್ ಮಾಡಿದರು.

"ಅಷ್ಟು ಹೊತ್ತು ಕ್ಯಾಮೆರಾ ನೋಡೋರು ಯಾರು?" ಎಂದು ಸುಶೀಲಾ ಕೇಳಿದರು.

"ಇವತ್ತು ಭಾನುವಾರ ಕಣೇ. ರಜೆ ದಿನ ತೋಟಕ್ಕೆ ಯಾರು ಹೋಗ್ತಾರೆ?"

ಹಳೆಯದು ಹತ್ತೊಂಬತ್ತು ಸೆಕೆಂಡು. ಅದನ್ನು ಬಿಚ್ಚಿ ಹೊಸದನ್ನು ಕೂರಿಸಿದರು, ಏಳು ಸೆಕೆಂಡು. ಆಗಿನ್ನೂ ಏಳೂವರೆ. ಅಲ್ಲಿಗೆ ಬಿಟ್ಟು ಎದ್ದಿದ್ದರೆ ಈ ಕತೆಯನ್ನು ನಾನು ಬರೆಯುತ್ತಿರಲಿಲ್ಲ. ಆದರೆ ಒಂದು ಸಲದ ಅಳತೆ ಅಳತೆಯಲ್ಲ ಎಂಬುದು ಅವರ ಹಟ. ಮತ್ತೆ ಹಳೆಯದು, ಮತ್ತೆ ಹೊಸದು. ಅಂಕಿಗಳು ಒಂದಿಷ್ಟೂ ಆಚೀಚೆ ಆಗದ್ದನ್ನು ಕಂಡು ಖುಷಿಪಟ್ಟು, ಎಂಟೂ ಇಪ್ಪತ್ತಕ್ಕೆ ಕರೆಯ ವ್ಯವಸ್ಥೆಯನ್ನು ಮತ್ತೆ ಆನ್ ಮಾಡಿ, ಸ್ನಾನಕ್ಕೆ ಹೊರಟರು.

ರಜೆ ಇದ್ದದ್ದು ಎಸ್ಟೇಟಿನ ಕೆಲಸಕ್ಕೆ. ಒಲೆಗೆ ರಜೆ ಇರುತ್ತದೆಯೇ? ಆ ವಾರವಷ್ಟೇ ಮರಗಸಿ ಮುಗಿದು, ನೆರಳುಮರಗಳಿಂದ ಕಡಿದ ಕೊಂಬೆಗಳು ಕಾಫಿ ಗಿಡಗಳ ನಡುವೆ ಬಿದ್ದಿದ್ದವು. ಮಳೆಗಾಲಕ್ಕೆ ಮುಂಚೆ ಅವನ್ನು ಹೊತ್ತು ತಂದು ಒಟ್ಟಿಕೊಳ್ಳಲು ಲೈನಿನ ಹೆಂಗಸರಿಗೆ ಸಿಗುವುದು ಭಾನುವಾರ ಒಂದೇ. ಇಷ್ಟು ವರ್ಷ ಅವರ ನಡುವೆಯೇ ಬದುಕಿದ ವಿಷ್ಣುಮೂರ್ತಿಗೆ ಅದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿಗೆ ಬರಲಿಲ್ಲ, ಅಷ್ಟೆ. ಸಿಲಿಂಡರಿನ ಮನೆಯವರಿಗೆ ಸೌದೆ ನೆನಪಿಗೆ ಬರುವುದು ಕಷ್ಟ.

ಎಂಟನೇ ಲೈನ್ ಮನೆಯ ಭಾಗಮ್ಮ ಎಂಟು ಗಂಟೆಗೆ ಕತ್ತಿ ಹಿಡಿದು ಹೊರಟರು. ಐದನೇ ಕ್ಯಾಮೆರಾದ ತಿರುವಿನಲ್ಲಿ ಆನೆ ಇತ್ತು. ಸುದ್ದಿ ಹೇಳಲು ರಾಜೀವ್ ಫೋನ್ ಮಾಡಿದಾಗ ವಿಷ್ಣುಮೂರ್ತಿ ಇನ್ನೂ ತಲೆ ಒರೆಸಿಕೊಳ್ಳುತ್ತಿದ್ದರು.

ಸಂಜೆ ಶವ ಸಾಗಿಸಿದ ಮೇಲೆ ಬಂದು ಐದನೇ ಕ್ಯಾಮೆರಾದೊಳಗೇ ಉಳಿದಿದ್ದ ರೆಕಾರ್ಡು ತೆರೆದರು. ಏಳೂ ಐವತ್ತೆರಡಕ್ಕೆ ಆನೆ ಬಂದಿದೆ. ಅದಕ್ಕೆ ಅವಸರವೇ ಇರಲಿಲ್ಲ. ಹಲಸಿನ ಮರದ ಕೆಳಗೆ ಪೂರಾ ನಾಲ್ಕು ನಿಮಿಷ ನಿಂತು ಹಣ್ಣು ತಿಂದು, ಪಕ್ಕದ ಕಾಫಿ ಗಿಡಗಳ ಮರೆಗೆ ಸರಿದಿದೆ. ಅವರು ಆ ನಾಲ್ಕು ನಿಮಿಷವನ್ನು ಹೊಸ ಕಾರ್ಡಿಗೆ ಕೊಟ್ಟರು. ಮೊದಲ ಸುತ್ತಿನಲ್ಲೇ ಹಿಡಿಯಿತು. ಅಷ್ಟಕ್ಕೇ ಬಿಡದೆ ಹಳೆಯದನ್ನು ಕೂರಿಸಿ ಅದಕ್ಕೂ ಕೊಟ್ಟರು. ಅದೂ ಮೊದಲ ಸುತ್ತಿನಲ್ಲೇ ಹಿಡಿಯಿತು. ಎರಡರಲ್ಲಿ ಯಾವುದು ಕಾವಲಿಗಿದ್ದರೂ ಭಾಗಮ್ಮ ಬದುಕುತ್ತಿದ್ದರು.

ಊರು ಅಷ್ಟರಲ್ಲಿ ತನ್ನ ತೀರ್ಪು ಕೊಟ್ಟಾಗಿತ್ತು. ಮುದುಕಿಗೆ ಕಿವಿ ಮಂದ, ಫೋನ್ ಬಂದದ್ದು ಕೇಳಿಸಿರಲಿಕ್ಕಿಲ್ಲ ಎಂದಿತು. ಸತ್ತವರ ಮೇಲೆ ತಪ್ಪು ಹೊರಿಸುವುದು ಸುಲಭ, ಅವರು ಎದುರಾಡುವುದಿಲ್ಲವಲ್ಲ.

ವಿಷ್ಣುಮೂರ್ತಿ ನಡೆದದ್ದನ್ನು ರಾಜೀವ್ ಅವರಿಗೆ ಹೇಳಿದರು. ರಾಜೀವ್, "ಇದನ್ನ ಲೈನಲ್ಲಿ ಹೇಳೋದು ಬೇಡ" ಎಂದರು. "ನಂಬಿಕೆ ಹೋದ್ರೆ ನಾಳೆ ಯಾರೂ ಫೋನ್ ಎತ್ತಲ್ಲ. ಆಗ ಇನ್ನೂ ನಾಲ್ಕು ಜನ ಸಾಯ್ತಾರೆ." ಆ ಮಾತಿನಲ್ಲಿ ಅರ್ಥವಿತ್ತು. ಅದೇ ಅರ್ಥವನ್ನು ಹಿಡಿದುಕೊಂಡು ವಿಷ್ಣುಮೂರ್ತಿ ಹನ್ನೆರಡು ದಿನ ತಳ್ಳಿದರು. ಹದಿಮೂರನೇ ದಿನ ಲೈನಿಗೆ ಹೋದರು.

ಭಾಗಮ್ಮನ ಸೊಸೆ ಭುವನಾ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ವಿಷ್ಣುಮೂರ್ತಿ ನಿಂತುಕೊಂಡೇ ಎಲ್ಲ ಹೇಳಿದರು. ತಾನು ಕರೆ ಆಫ್ ಮಾಡಿದ್ದು, ಎರಡೆರಡು ಸಲ ಅಳೆದದ್ದು, ಆನೆ ನಿಂತಿದ್ದ ನಾಲ್ಕು ನಿಮಿಷ, ಯಾವುದನ್ನೂ ಬಿಡಲಿಲ್ಲ.

"ಅತ್ತೆ ಇಲ್ಲೇ ನಿಂತು ಫೋನ್ ನೋಡಿದ್ರು ಅಯ್ಯ" ಎಂದಳು ಭುವನಾ. "ಬಂದಿಲ್ಲ, ಹೋಗ್ಬರ್ತೀನಿ ಅಂತ ನಂಗೆ ಹೇಳೇ ಹೋದ್ರು. ಕಿವಿ ಕೇಳ್ಲಿಲ್ಲ ಅಂತ ಎಲ್ರೂ ಅಂದಾಗ ನಾನೂ ಅವ್ರನ್ನೇ ಬೈಕೊಂಡೆ."

ಅವಳು ಬೈದಿದ್ದರೆ, ಮೊರ ಎತ್ತಿ ಎಸೆದಿದ್ದರೆ, ಅಷ್ಟಾದರೂ ಶಿಕ್ಷೆ ಸಿಕ್ಕಿತೆಂದು ವಿಷ್ಣುಮೂರ್ತಿ ಹಿಂದಿರುಗುತ್ತಿದ್ದರೇನೋ. ಅವಳು ಅಕ್ಕಿಯಿಂದ ಒಂದು ಕಲ್ಲು ತೆಗೆದು ಅಂಗಳಕ್ಕೆ ಹಾಕಿದಳು.

"ಈಗ ಯಾವ್ದು ಹಾಕಿದೀರಿ?"

"ಹೊಸದು."

"ಅತ್ತೆ ಜಾಗಕ್ಕೆ ರೈಟ್ರು ಹಾಜ್ರಿ ಪುಸ್ತಕದಲ್ಲಿ ನನ್ನ ಹೆಸ್ರು ಬರ್ಕೊಂಡಿದಾರೆ. ಸೋಮವಾರದಿಂದ ಕೆಲ್ಸಕ್ಕೆ ಹೋಗ್ಬೇಕು. ನನ್ನ ನಂಬರ್ ಹಾಕ್ಕೊಳ್ಳಿ." ಅವಳು ಒಂದೊಂದೇ ಅಂಕಿ ಹೇಳಿದಳು. ಅವರು ಫೋನಿನಲ್ಲಿ ಒತ್ತಿಕೊಂಡು, ಸರಿಯಿದೆಯೇ ಎಂದು ಓದಿ ಹೇಳಿದರು. ಭುವನಾ ತಲೆಯಾಡಿಸಿದಳು.

"ಭಾನುವಾರಾನೂ ಫೋನ್ ಇರ್ಲಿ ಅಯ್ಯ" ಎಂದಳು. "ಸೌದೆಗೆ ಹೋಗೋದು ನಾವು ಆವತ್ತೇ."