ಬಾಯ್ಲರ್‌ಗೆ ತಗುಲಿದ ಪೋರ್ಟ್ ಸ್ಕ್ಯಾನ್

೨೦೧೨ರ ಜನವರಿ. ಜಮಖಂಡಿಯಲ್ಲಿ ನನ್ನದು ಎರಡು ಕೋಣೆಯ ಕಚೇರಿ. ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರ್ ಜಾಲದೊಳಗೆ ಕಳ್ಳ ಎಲ್ಲಿಂದ ನುಗ್ಗಬಹುದು ಎಂಬುದನ್ನು ಅವರ ಒಪ್ಪಿಗೆ ಪಡೆದು, ನಾನೇ ನುಗ್ಗಿ ನೋಡಿ ಹೇಳುವ ಕೆಲಸ. ಪೆನೆಟ್ರೇಶನ್ ಟೆಸ್ಟಿಂಗ್ ಎಂದು ಅದರ ಹೆಸರು. ಇದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಸಂತೆಯಲ್ಲಿ ಅವ್ವನ ಪಕ್ಕ ಕೂತು ಬದನೆಕಾಯಿ ಮಾರಿದೆ, ಆಮೇಲೆ ಗೋಡೆಗಳಿಗೆ ಕೇಬಲ್ ಹೊಡೆದೆ, ಆ ಕೇಬಲ್ಲಿನೊಳಗೆ ಏನು ಹರಿಯುತ್ತದೆಂದು ಕೆದಕುತ್ತ ಕೆದಕುತ್ತ ಇಲ್ಲಿಗೆ ಬಂದೆ. ಹೀಗಾಗಿ ಗಿರಾಕಿಯನ್ನು ಒಲಿಸುವುದು ನನಗೆ ಕಂಪ್ಯೂಟರಿಗಿಂತ ಮೊದಲೇ ಬರುತ್ತಿತ್ತು.

ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆ ಕರೆಯಿತು. ಕಬ್ಬು ನುರಿಸುವ ಹಂಗಾಮು ಜೋರಾಗಿತ್ತು. ಕಚೇರಿ, ತೂಕದ ಮನೆ, ಉಗ್ರಾಣ ಸೇರಿ ಇಪ್ಪತ್ತಮೂರು ಕಂಪ್ಯೂಟರುಗಳ ಪಟ್ಟಿ ಕೊಟ್ಟರು. ನಾನು ಮೂರು ದಿನ ಕೇಳಿದೆ, ಜನರಲ್ ಮ್ಯಾನೇಜರ್ ಒಂದು ದಿನ ಎಂದರು. ಎಳೆದಾಡಿ ಒಂದೂವರೆಗೆ ಕುದುರಿಸಿದೆವು. ಆ ಖುಷಿಯಲ್ಲಿ ಸಂತೆಯ ಚಟ ಬಾಯಿಗೆ ಬಂತು.

“ಇರ್ಲಿ ಸಾಹೇಬ್ರ, ಪಟ್ಟಿ ಹೊರಗ ಇದ್ದವನ್ನೂ ಒಮ್ಮಿ ನೋಡಿ ಕೊಡ್ತೀನ್ರಿ. ಅದು ಕೊಸರು.”

ಅವರು ನಕ್ಕರು. “ಕೊಸರು ಬ್ಯಾಡ ಅಂದವ್ರು ಯಾರದಾರ್ರೀ?”

ಒಪ್ಪಂದದ ಕಾಗದದಲ್ಲಿ ಮಾತ್ರ ಇಪ್ಪತ್ತಮೂರೇ ಉಳಿಯಿತು.

ಪೋರ್ಟ್ ಸ್ಕ್ಯಾನ್ ಎಂದರೇನು ಎಂದು ಹೇಳಿಬಿಡುತ್ತೇನೆ. ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ನೆನೆಯಿರಿ. ಒಂದೊಂದು ಕಂಪ್ಯೂಟರೂ ಅಂಥದೊಂದು ಪೇಟೆ. ಅದರೊಳಗೆ ೬೫,೫೩೫ ಅಂಗಡಿಗಳು, ಅವೇ ಪೋರ್ಟುಗಳು. ಯಾವುದರ ಬಾಗಿಲು ತೆರೆದಿದೆ ಎಂದು ನೋಡುವುದೇ ಸ್ಕ್ಯಾನ್. ಒಂದು ಬಗೆ, ಒಳಗೆ ಹೋಗಿ ಕೂತು, ನಮಸ್ಕಾರ ಹೇಳಿ ಎದ್ದು ಬರುವುದು. ಇದು ಕನೆಕ್ಟ್ ಸ್ಕ್ಯಾನ್, ತುಸು ನಿಧಾನ. ಇನ್ನೊಂದು ಸಿನ್ ಸ್ಕ್ಯಾನ್: ಹೊಸ್ತಿಲಲ್ಲಿ ನಿಂತು “ಅದೀರೇನ್ರಿ?” ಎಂದು ಕೂಗಿ, “ಬರ್ರಿ” ಎಂಬ ಉತ್ತರ ಕೇಳಿದೊಡನೆ ಮುಂದಿನ ಅಂಗಡಿಗೆ ಓಡುವುದು. ಹೊಸ ಕಂಪ್ಯೂಟರಿಗೆ ಇದರಿಂದ ಏನೂ ಆಗದು. ಹಳೆಯ ಯಂತ್ರದಲ್ಲಿ ಗಿರಾಕಿ ಕೂರಲು ಇರುವುದೇ ನಾಲ್ಕಾರು ಗಾದಿ. ಬರುವುದಿಲ್ಲ ಎಂದು ಹೇಳಿ ಹೋದರೂ ಅದಕ್ಕೆ ತಿಳಿಯದು. ಕೂಗಿದವರು ಬರುತ್ತಾರೆಂದು ಎಲ್ಲ ಗಾದಿಗಳನ್ನೂ ಕಾಯ್ದಿರಿಸಿಕೊಂಡು, ಬೇರೆ ಕೆಲಸ ಬಿಟ್ಟು ಕೂತುಬಿಡುತ್ತದೆ.

ಎರಡನೆಯ ದಿನ ನನಗೆ ಮೇಜು ಹಾಕಿಕೊಟ್ಟದ್ದು ಬಾಯ್ಲರ್ ನಿಯಂತ್ರಣ ಕೊಠಡಿಯಲ್ಲಿ. ಅಲ್ಲಿ ಎಂಜಿನಿಯರ್ ಹಿರೇಮಠರು ಪರದೆಯ ಮುಂದೆ ಕೂತು ಬಾಯ್ಲರಿನ ನೀರಿನ ಮಟ್ಟ ನೋಡುತ್ತಿದ್ದರು. ಬಾಯ್ಲರ್ ಅಟೆಂಡೆಂಟ್ ಮಾಳಪ್ಪ, ಕುರಿ ಸಾಕಿದ ಮನೆತನದವನು, ತಾಸಿಗೊಮ್ಮೆ ಕಬ್ಬಿಣದ ಮೆಟ್ಟಿಲು ಹತ್ತಿ, ಬಾಯ್ಲರಿನ ಡ್ರಮ್ಮಿಗೆ ಜೋಡಿಸಿದ ಗಾಜಿನ ಕೊಳವೆಯಲ್ಲಿ ಅದೇ ನೀರನ್ನು ಕಣ್ಣಾರೆ ನೋಡಿ ಬರುತ್ತಿದ್ದ.

“ಮಾಳಪ್ಪ, ಇಲ್ಲೇ ಕಾಣ್ತೈತಲ್ಲೋ. ಕುರಿ ಎಣಿಸಿದಂಗ ನೀರು ಎಣಸಾಕ ಹೊಂಟೀ?” ಹಿರೇಮಠರು ಛೇಡಿಸಿದರು.

“ಕುರೀನೂ ಕಣ್ಣಿಲೇ ಎಣಸ್ತೀವ್ರಿ ಸಾಹೇಬ್ರ, ಟಿವಿ ನೋಡಿ ಅಲ್ಲ,” ಎಂದು ಅವನು ಹೊರಟ.

ಆಗ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಪಟ್ಟಿಯ ಕೆಲಸ ಮುಗಿದಿತ್ತು, ಕೊಸರು ಉಳಿದಿತ್ತು. ಜಾಲದ ೨೫೪ ವಿಳಾಸಗಳನ್ನೂ ಒಟ್ಟಿಗೆ ಕೊಟ್ಟು, ಅತಿ ವೇಗದ ಸಿನ್ ಸ್ಕ್ಯಾನ್ ಬಿಟ್ಟೆ. ಕೆಲವು ನಿಮಿಷಕ್ಕೆ ಒಂದು ಸಾಲು ಮೂಡಿತು: ಪೋರ್ಟ್ ೫೦೨, ತೆರೆದಿದೆ.

೫೦೨ ಕಚೇರಿಯ ಕಂಪ್ಯೂಟರಿನದಲ್ಲ. ಯಂತ್ರಗಳನ್ನು ನಡೆಸುವ ಕಂಟ್ರೋಲರ್‌ನ ಬಾಗಿಲು ಅದು. ಸ್ಕ್ಯಾನ್ ನಿಲ್ಲಿಸಿ ಹಿರೇಮಠರ ಪರದೆ ನೋಡಿದೆ. ನೀರಿನ ಮಟ್ಟ ಶೇಕಡಾ ಐವತ್ತು. ಅಷ್ಟು ಹೊತ್ತು ನಲವತ್ತೆಂಟು, ಐವತ್ತೊಂದು ಎಂದು ಕುಣಿಯುತ್ತಿದ್ದ ಅಂಕಿ ಅಲುಗದೆ ನಿಂತಿತ್ತು. ಕುದಿಯುವ ನೀರು ಎಂದಾದರೂ ಅಲುಗದೆ ನಿಲ್ಲುತ್ತದೆಯೇ?

ಗೋಡೆಯ ಸ್ಪೀಕರ್ ಕಿರುಚಿತು. ಮೇಲಿನಿಂದ ಮಾಳಪ್ಪ. “ಸಾಹೇಬ್ರ, ನೀರು ಇಳ್ಯಾಕತ್ತೈತ್ರೀ! ಕಾಜಿನ್ಯಾಗ ನಾಕ್ ಬಟ್ಟಿನಷ್ಟ ಉಳದೈತಿ!” ನಾಲ್ಕು ಬೆರಳಗಲ ನೀರು.

“ಇಲ್ಲಿ ಐವತ್ತ ತೋರಸಾಕತ್ತೈತಲ್ಲೋ! ನಿನ್ನ ಕಾಜು ಕಟ್ಟಿರಬೇಕು, ತೊಳಿ.”

“ತೊಳದ ನೋಡೇ ಹೇಳಾಕತ್ತೇನ್ರಿ!”

ಬಾಯ್ಲರಿಗೆ ನೀರು ಬಿಡುವ ವಾಲ್ವನ್ನು ಆಡಿಸುವುದು ಆ ಕಂಟ್ರೋಲರ್. ನೀರು ತೀರ ಇಳಿದರೆ ಬೆಂಕಿ ಆರಿಸಬೇಕಾದದ್ದೂ ಅದೇ. ಗಾಜಿನಿಂದ ನೀರು ಮರೆಯಾದರೆ ಒಳಗಿನ ಕೊಳವೆಗಳು ಕಾದು ಕೆಂಪಾಗುತ್ತವೆ. ಆಗ ನೀರು ಬಿಟ್ಟರೂ ಸಿಡಿಯಬಹುದು, ಬಿಡದಿದ್ದರೂ ಸಿಡಿಯಬಹುದು. ಮಾಳಪ್ಪ ನಿಂತದ್ದು ಅದರ ಮಗ್ಗುಲಲ್ಲೇ.

ನಾನು ಮಾಡಿದ್ದು ಯಾರಿಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ಸುಳ್ಳು ಹೇಳುವುದಿಲ್ಲ, ಆ ಯೋಚನೆ ಬಂತು. ಅದು ಬಂದು ಹೋಗುವಷ್ಟರಲ್ಲಿ ಮೇಲಿನಿಂದ “ಮೂರ ಬಟ್ಟ್ರೀ!” ಎಂದು ಕೇಳಿತು.

“ಸರ್, ಆ ಪರದೆ ನಂಬಬ್ಯಾಡ್ರಿ,” ಎಂದೆ. “ನಾನ ಕೆಡಿಸೇನ್ರಿ. ನನ್ನ ಸ್ಕ್ಯಾನ್ ಬಡದು ನಿಮ್ಮ ಕಂಟ್ರೋಲರ್ ನಿಂತೈತಿ. ಅದು ತೋರಸೂದು ಆಗಿನ ನೀರು, ಈಗಿಂದಲ್ಲ.”

ಹಿರೇಮಠರು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲವೇನೋ. ಕಂಟ್ರೋಲರಿನ ಹಂಗಿಲ್ಲದೆ, ಒಲೆಗೆ ಕಬ್ಬಿನ ಸಿಪ್ಪೆ ಹೋಗುವುದನ್ನು ನೇರವಾಗಿ ನಿಲ್ಲಿಸುವ ಗುಂಡಿ ಒತ್ತಿ, ಮೈಕ್ ಹಿಡಿದರು. “ಮಾಳಪ್ಪ, ನೀರು ಇನ್ನೂ ಕಾಣ್ತೈತಿಲ್ಲೋ?”

“ಎರಡ ಬಟ್ಟ ಕಾಣ್ತೈತ್ರಿ.”

“ನೀರಿನ ಬೈಪಾಸ್ ವಾಲ್ವ್ ಕೈಲೇ ತಿರುವು. ಕಾಣದಂಗಾತಂದ್ರ ಬಿಟ್ಟ ಓಡಿ ಬಾ. ಓಡು ಅಂದ್ರ ಓಡು!”

ಸ್ಪೀಕರಿನಲ್ಲಿ ಉಗಿಯ ಭುಸುಗುಟ್ಟುವಿಕೆ ಮಾತ್ರ. ಮಾಳಪ್ಪ ಓಡುತ್ತಿದ್ದಾನೋ, ಅಲ್ಲೇ ನಿಂತಿದ್ದಾನೋ? ಎರಡು ನಿಮಿಷವಿರಬಹುದು, ನನಗೆ ಲೆಕ್ಕ ಸಿಗಲಿಲ್ಲ.

“ಏರಾಕತ್ತೈತ್ರೀ,” ಎಂದಿತು ಸ್ಪೀಕರ್. “ಮೂರ ಬಟ್ಟ ಆತು.”

ಕಾರಣ ಹುಡುಕಿದಾಗ ಸಿಕ್ಕದ್ದು ಬಾಯ್ಲರಿನ ಕಂಟ್ರೋಲರನ್ನು ಕಚೇರಿಯ ಜಾಲಕ್ಕೆ ಸೇರಿಸಿದ್ದ ಒಂದು ನೀಲಿ ಕೇಬಲ್. ಉಗಿಯ ಒತ್ತಡ ತಮ್ಮ ಕೋಣೆಯಲ್ಲೇ ಕಾಣಲೆಂದು ಜನರಲ್ ಮ್ಯಾನೇಜರು ಹಿಂದೊಮ್ಮೆ ಎಳೆಸಿದ್ದು. ಯಾವ ನಕ್ಷೆಯಲ್ಲೂ, ಯಾವ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಮುಟ್ಟಿದವನು ನಾನು.

ಹಿರೇಮಠರು ದಾಖಲೆ ಪುಸ್ತಕ ತೆರೆದರು. “ಏನ್ ಬರೀಲಿ? ಕರೆಂಟ್ ಏರಿಳಿತ ಅಂದ್ರ ಯಾರೂ ಕೇಳೂದಿಲ್ಲ.”

“ನನ್ನ ಹೆಸರ ಬರೀರಿ. ಆ ಕೇಬಲ್ಲಿಂದೂ ಬರೀರಿ,” ಎಂದೆ. ಬರೆದರು. ಕೇಬಲ್ಲನ್ನು ಅಂದೇ ಕಿತ್ತರು. ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ.

ಮಾಳಪ್ಪ ಕೆಳಗಿಳಿದಾಗ ಅಂಗಿ ಮೈಗೆ ಅಂಟಿತ್ತು, ಅಂಗೈ ಬೊಬ್ಬೆ ಎದ್ದಿತ್ತು. ಒಂದು ತಂಬಿಗೆ ನೀರು ಕುಡಿದು ನನ್ನನ್ನು ನೋಡಿದ. “ಇವ್ರೇನ್ರಿ ಕೆಡಿಸಿದವ್ರು? ಅಣ್ಣಾವ್ರ, ಮಿಷಿನಿಗೆ ಏನರ ಮಾಡ್ಕೋರಿ. ನಾ ಮ್ಯಾಲ ಅದೀನೋ ಇಲ್ಲೋ ಅಂತ ಒಂದ್ ಮಾತು ಕೇಳಿದ್ರ ಏನ್ ಹೋಗತಿತ್ತು?”

ಈ ಕೆಲಸಕ್ಕೆ ಬರುವವರಿಗೆ ನನ್ನ ಸಲಹೆ: ಗಿರಾಕಿ ಕೊಟ್ಟ ಪಟ್ಟಿಯನ್ನು ನಂಬಬೇಡಿ, ಒಂದು ದಿನ ಹೆಚ್ಚು ಕೇಳಿ ಕೇಬಲ್ಲಿನ ಹಿಂದೆ ಕಾಲ್ನಡಿಗೆಯಲ್ಲಿ ಹೋಗಿ. ಆದರೂ ಆ ಪಟ್ಟಿಯ ಗೆರೆ ದಾಟಬೇಡಿ. ಹೊಸದು ಕಂಡರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಯಂತ್ರ ನಡೆಸುವ ಕಂಟ್ರೋಲರ್‌ಗಳನ್ನು ಅವು ಓಡುತ್ತಿರುವಾಗ ಸ್ಕ್ಯಾನ್ ಮಾಡಲೇಬೇಡಿ. ನಾನಂತೂ ಇಂದಿಗೂ ಕಾರ್ಖಾನೆಗೆ ಹೋದರೆ, ಯಂತ್ರದ ಪಕ್ಕ ನಿಂತವರ ಹೆಸರು ಕೇಳಿ ಬರೆದುಕೊಂಡು, ಏನು ಮಾಡಲಿದ್ದೇನೆಂದು ಅವರಿಗೆ ಹೇಳುತ್ತೇನೆ. ಅವರು ಹೂಂ ಎನ್ನುವ ತನಕ ಎಂಟರ್ ಗುಂಡಿಯ ಮೇಲೆ ನನ್ನ ಬೆರಳು ಇಳಿಯುವುದಿಲ್ಲ.