ರಾಕ್ಷಸನ ಸೊಂಟ ಮತ್ತು ಎಂಟು ಉಂಡೆ ಹಿಟ್ಟು

ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಮೈದುನ ಓಡಿಬಂದ.

“ವೈನಿ, ನಾಳಿ ಟೆಂಟ್ ಕಿತ್ತಿ ಮುಧೋಳಕ್ಕ ಹೊಂಟಾರಂತರಿ. ಇವತ್ತ ಸಂಜಿಗೆ ಕಡೀ ಆಟ.”

ಬನಹಟ್ಟಿಯ ಬಯಲಿನಲ್ಲಿ ಆ ಸಿನಿಮಾ ಟೆಂಟು ನಿಂತು ಎಂಟು ದಿನವಾಗಿತ್ತು. ರಬಕವಿಯ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಹುಟ್ಟಿದಾಗಿನಿಂದ ನಾನು ಓಡಾಡುವ ಚಿತ್ರ ಕಂಡವಳಲ್ಲ. ಹೆಂಗಸರು ಕೂಡಲು ಪರದೆ ಕಟ್ಟಿ ಬೇರೆ ಜಾಗ ಮಾಡಿದ್ದಾರೆಂದು ಕೇಳಿದಾಗಿನಿಂದ, ದಿನಾ ವಿಭೂತಿ ಹಚ್ಚಿಕೊಳ್ಳುವಾಗ ಶಿವನ ಮುಂದೆ ಅದೊಂದೇ ಅರ್ಜಿ. ನನಗೆ ಅಡ್ಡ ಇದ್ದವರು ಅತ್ತೆ. ಅತ್ತೆಗೆ ಅಡ್ಡ ಇದ್ದವನು ಆ ಚಿತ್ರದ ರಾಕ್ಷಸ. ಹತ್ತು ಆಳೆತ್ತರದವನಂತೆ, ಕೋಟೆಯ ಬುರುಜನ್ನು ಕಿತ್ತು ಹೆಗಲ ಮೇಲಿಟ್ಟುಕೊಂಡು ನಡೆಯುತ್ತಾನಂತೆ.

“ಅಂಥಾದ್ದ ನೋಡಿದ್ರ ಹೆಣ್ಮಕ್ಕಳು ಎದಿ ಒಡದ ಸಾಯ್ತಾರ,” ಎನ್ನುತ್ತಿದ್ದರು ಅತ್ತೆ.

ಎದೆ ಒಡೆದದ್ದು ಗಂಡಸರದು. ನನ್ನ ಯಜಮಾನರು ಮೂರು ದಿನದ ಹಿಂದೆ ನೋಡಿ ಬಂದಿದ್ದರು. ಮರುದಿನ ಹಾಡುಹಗಲೇ, ನೂಲು ಒಣಹಾಕಿದ್ದ ಗಳದ ನೆರಳು ಗೋಡೆಯ ಮೇಲೆ ಅಲ್ಲಾಡಿದ್ದೇ ತಡ, “ಯವ್ವಾ!” ಎಂದು ಕೂಗಿ ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯೊಳಗೆ ಇಳಿದು ಕೂತರು. ಏನಾಯಿತೆಂದು ಕೇಳಿದರೆ, ಲಾಳಿ ಹುಡುಕುತ್ತಿದ್ದೆ ಎಂದರು. ಲಾಳಿ ಕೈಯಲ್ಲೇ ಇತ್ತು.

ಮೈದುನ ಸಾಂಗಲಿಯಲ್ಲಿ ಕಾಲೇಜು ಓದುತ್ತಿದ್ದವನು, ರಜೆಗೆ ಬಂದಿದ್ದ. ಅವನೂ ಅದೇ ಆಟ ನೋಡಿದ್ದ. ಅವನ ಅಂಜಿಕೆ ಲೆಕ್ಕವಾಗಿ ಹೊರಬಿತ್ತು. ನಾನು ಸಾರಿಸಿದ ಗೋಡೆಯ ತುಂಬ ಸುಣ್ಣದ ಕಡ್ಡಿಯಿಂದ ಗೀಚಿಟ್ಟಿದ್ದ. ಅವತ್ತು ನನ್ನ ಪರವಾಗಿ ಅತ್ತೆಯ ಮುಂದೆ ವಾದಕ್ಕೆ ನಿಂತ.

“ಯವ್ವಾ, ನೀ ಸುಮ್ಮ ಅಂಜತಿ. ಹತ್ತ ಪಟ್ಟ ಎತ್ತರ ಅಂದ್ರ ಅಗಲನೂ ಹತ್ತ ಪಟ್ಟ, ದಪ್ಪನೂ ಹತ್ತ ಪಟ್ಟ. ತೂಕ ಸಾವಿರ ಪಟ್ಟ ಆತು. ಆದ್ರ ಎಲಬಿನ ತಾಕತ್ತು ನೂರ ಪಟ್ಟ ಅಷ್ಟ ಆಗತೈತಿ. ನಮ್ಮ ಪೈಲವಾನ ತನ್ನಷ್ಟ ತೂಕದಾಂವನ್ನ ಎತ್ತಿ ಒಗೀತಾನಿಲ್ಲ? ಈ ರಾಕ್ಷಸ ತನ್ನ ತೂಕದಾಗ ಹತ್ತನೇ ಪಾಲ ಎತ್ತಿದ್ರ ಹೆಚ್ಚು. ಬುರುಜು ಅತ್ತಾಗಿರಲಿ, ಎದ್ದ ನಾಕ ಹೆಜ್ಜಿ ಓಡಿದ್ರ ಕಾಲ ಮುರೀತಾವು.”

“ಸಾಂಗಲಿಗೆ ಹೋಗಿ ನಿನ್ನ ನಾಲಿಗಿ ಸಾವಿರ ಪಟ್ಟ ಆಗೇತಿ, ಬುದ್ಧಿ ಇದ್ದಷ್ಟ ಐತಿ,” ಎಂದರು ಅತ್ತೆ. “ಹಂಗಾರ ಪುರಾಣದಾಗಿನ ರಾಕ್ಷಸರ ಕಾಲ ಯಾಕ ಮುರೀಲಿಲ್ಲಲೇ?”

ಮೈದುನನ ಕಡ್ಡಿ ಗೋಡೆಯ ಮೇಲೆ ನಿಂತಲ್ಲೇ ನಿಂತಿತು. ಅವನ ಪುಸ್ತಕದಲ್ಲಿ ಅದಿರಲಿಲ್ಲ. ನನ್ನ ಸಂಜೆ ಕೈಬಿಟ್ಟು ಹೋಗುವುದು ಕಂಡು ನಾನೇ ಬಾಯಿ ಹಾಕಿದೆ.

“ಅವರಿಗೆ ಶಿವ ವರ ಕೊಟ್ಟಿದ್ದನಲ್ರಿ ಅತ್ತಿ. ಈ ಟೆಂಟಿನಾಂವಗ ಯಾರ ಕೊಟ್ಟಾರ?”

ಶಿವನ ಮಾತಿಗೆ ಅತ್ತೆ ಎದುರಾಡುವವರಲ್ಲ. ಆದರೂ ಮುಖದ ಗಂಟು ಸಡಿಲಾಗಲಿಲ್ಲ. ಲೆಕ್ಕ ಕಿವಿಗೆ ಬಿದ್ದಿತ್ತು, ಕಣ್ಣಿಗೆ ಬಿದ್ದಿರಲಿಲ್ಲ. ನಾನು ಎಂಟು ಉಂಡೆ ಹಿಟ್ಟು ಕೂಡಿಸಿ ನಾದಿ, ದಿನದ ರೊಟ್ಟಿಗಿಂತ ಉದ್ದ ಎರಡು ಪಟ್ಟು, ಅಗಲ ಎರಡು ಪಟ್ಟು, ದಪ್ಪ ಎರಡು ಪಟ್ಟು ಬಡಿದೆ. ಮೊರದಷ್ಟಾಯಿತು. ದಿನದ ರೊಟ್ಟಿ ಎತ್ತಿದ ಹಾಗೇ ಅಂಗೈ ಕೆಳಗೆ ಕೊಟ್ಟು ಎತ್ತಿದೆ. ಹಂಚಿನವರೆಗೂ ಬರಲಿಲ್ಲ. ನಡುವೆ ಬಿರಿದು ದಪ್ಪೆಂದು ಬಿತ್ತು.

“ಇದ ನೋಡ್ರಿ ಅತ್ತಿ, ರಾಕ್ಷಸನ ಸೊಂಟ.”

ಅತ್ತೆ ನಕ್ಕರು. ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಇಷ್ಟಕ್ಕ ಅಂಜಿ ಕುಣಿ ಹೊಕ್ಕಿದ್ದೇನೋ?” ಎಂದು ಮಗ್ಗದ ಕಡೆ ಕೂಗಿದರು. ಮಗ್ಗದ ಸದ್ದು ಜೋರಾಯಿತು.

ನಾನು ಕೈ ತೊಳೆದುಕೊಂಡೆ. ಅತ್ತೆ ಎದ್ದು ಟ್ರಂಕು ತೆಗೆದರು, ತಮ್ಮ ಇಳಕಲ್ ಸೀರೆ ಹೊರಗಿಟ್ಟರು. ನನ್ನದೂ ತೆಗೆಯುತ್ತಾರೆಂದು ಬಾಗಿಲಲ್ಲಿ ನಿಂತಿದ್ದೆ. ಟ್ರಂಕಿನ ಮುಚ್ಚಳ ಮುಚ್ಚಿತು.

“ಎಂಟ ದಿನಾ ಆತು, ನನಗೂ ಆಸಿ ಇತ್ತವಾ. ಅಂಜಿಕಿ ಒಂದ ಅಡ್ಡ ಬಂದಿತ್ತು,” ಎಂದರು. “ಮನ್ಯಾಗ ಒಬ್ಬರಾರ ಇರಬೇಕಲ್ಲ. ನೀ ಅಂತೂ ಅವನ ಸೊಂಟ ಸೈತ ಮುರದ ನೋಡೀದಿ. ಅಲ್ಲಿ ಬಂದ ಇನ್ನೇನ ನೋಡ್ತಿ?”

ಮೈದುನ ನನ್ನ ಮುಖ ನೋಡಿದ, ಆಮೇಲೆ ತನ್ನ ಗೋಡೆ ನೋಡಿದ. ಸಾವಿರ ಪಟ್ಟು ತೂಕ ಅಳೆದವನಿಗೆ ತಾಯಿಯ ಮುಂದೆ ಒಂದು ಮಾತು ಎತ್ತಲು ಆಗಲಿಲ್ಲ. ಯಜಮಾನರೂ ಎರಡನೇ ಸಲ ಹೊರಟರು, ತಾಯಿಗೆ ಜೊತೆ ಬೇಕಂತೆ. ಕಣ್ಣಿಗೆ ಕಾಣುವವರೆಗೂ ತಾಯಿಯ ಸೆರಗಿನ ಹಿಂದೆಯೇ ನಡೆದದ್ದನ್ನು ನಾನು ಕಟ್ಟೆಯ ಮೇಲೆ ನಿಂತು ನೋಡಿದೆ.

ಶಿವ ಅರ್ಜಿ ಕೇಳಿಸಿಕೊಂಡ, ಮನೆಯೂ ಸರಿ, ಹೆಸರು ಮಾತ್ರ ತಪ್ಪಿತು ಅಂದುಕೊಂಡೆ. ಆದರೂ ಅವನ ದಯೆ ಸಣ್ಣದಲ್ಲ. ಮಗ್ಗದ ಸದ್ದಿಲ್ಲದ ಒಂದು ಸಂಜೆ ಸಿಕ್ಕಿತು. ಬಿದ್ದ ಹಿಟ್ಟೂ ಕೆಟ್ಟಿರಲಿಲ್ಲ. ಅದನ್ನೇ ಬಳಿದು ದಪ್ಪ ದಪ್ಪ ಸಣ್ಣ ರೊಟ್ಟಿ ಸುಟ್ಟೆ. ಬಿಸಿ ಆರುವ ಮುಂಚೆ ರೊಟ್ಟಿ ಕುಟ್ಟಿ ಉಂಡೆ ಕಟ್ಟಿ ಮುಟಗಿ ಮಾಡಬೇಕೆಂದು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಒಳಕಲ್ಲಿಗೆ ಹಾಕಿ ಕುಟ್ಟತೊಡಗಿದೆ.